ಹುಗ್ಗಿಗೆ ಅಡ್ಡ ಬಂದ ಕೈ

ಮದುವೆ ಊಟ. ನನ್ನ ತಾಟಿಗೆ ಎರಡನೇ ಸೌಟು ಹುಗ್ಗಿ ಇನ್ನೇನು ಬೀಳಬೇಕು, ಪಕ್ಕದಲ್ಲಿ ಕೂತ ಕಾಕಾ ಬಡಿಸುವ ಹುಡುಗನ ಕೈ ಹಿಡಿದರು. "ಅವಂಗ ಸಾಕೋ ತಮ್ಮಾ. ಸಕ್ರಿ ಬ್ಯಾನಿ ಬಂದ್ರ ಯಾರ್ ನೋಡವ್ರು?" ಹುಡುಗ ಮುಂದಿನವರ ತಾಟಿಗೆ ಹೋದ.

ನಾನು ಕುಡಿಯುತ್ತಿದ್ದ ಕಾಲಕ್ಕೆ ಇದೇ ಕಾಕಾ ಒಂದು ದಿನವೂ ನನ್ನ ಗ್ಲಾಸಿಗೆ ಕೈ ಅಡ್ಡ ಹಿಡಿದವರಲ್ಲ. ಗ್ಲಾಸು ಮುಟ್ಟಿದ್ದರೆ ತುಂಬಿಸೋದಕ್ಕೆ ಮುಟ್ಟಿದ್ದಾರು. ಆಗ ನನ್ನ ಲಿವರ್ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಈಗ ನಾನು ಜಿಲೇಬಿ ಮುಟ್ಟಿದರೆ ಓಣಿಗೆ ಓಣಿಯೇ ಡಾಕ್ಟರಾಗುತ್ತದೆ.

ಕುಡಿತ ಬಿಟ್ಟ ಮೇಲೆ ಸಿಹಿ ಕಾಡುವುದು ಹೊಸದೇನಲ್ಲ. ಮದ್ಯ ಮಿದುಳಿಗೆ ಕೊಡುತ್ತಿದ್ದ ಡೋಪಮೈನ್ ಎಂಬ ರಾಸಾಯನಿಕದ ಖುಷಿ ನಿಂತುಹೋದಾಗ, ಮಿದುಳು ಹತ್ತಿರದ ಇನ್ನೊಂದು ದಾರಿ ಹುಡುಕುತ್ತದೆ. ಸಕ್ಕರೆ ಆ ದಾರಿ. ಮೇಲಾಗಿ ಒಂದು ಗ್ರಾಂ ಆಲ್ಕೋಹಾಲಿನಲ್ಲಿ 7 ಕ್ಯಾಲೊರಿ, ಸಕ್ಕರೆಯಲ್ಲಿ 4. ದಿನಾ ಸಂಜೆ ಬರುತ್ತಿದ್ದದ್ದು ಒಮ್ಮೆಲೇ ನಿಂತರೆ ಹೊಟ್ಟೆ ಕೇಳದೆ ಬಿಟ್ಟೀತಾ? ಅಮೆರಿಕದ ಆಲ್ಕೋಹಾಲಿಕ್ಸ್ ಅನಾನಿಮಸ್ ಅನ್ನೋ, ಕುಡಿತ ಬಿಡುವವರ ಕೂಟದವರು 1939ರಲ್ಲಿ ತಂದ ಪುಸ್ತಕದಲ್ಲೇ ಒಬ್ಬ ಡಾಕ್ಟರ ಮಾತಿದೆ: ಇಂಥವರ ಹತ್ತಿರ ಯಾವಾಗಲೂ ಚಾಕೊಲೇಟ್ ಇರಬೇಕಂತೆ. ಊಟದ ನಡುವೆಯೇ ಇದನ್ನು ಕಾಕಾಗೆ ಹೇಳಿದೆ.

"ಚಾಕಲೇಟ್ ಅಂದಾರ. ಹುಗ್ಗಿ ಅಂದಿಲ್ಲಲ್ಲ" ಅಂದರು.

ಅಮೆರಿಕದವರು ಹುಗ್ಗಿ ತಿಂದಿದ್ದರೆ ಅಂದೇ ಅನ್ನುತ್ತಿದ್ದರು. ಆದರೆ ಯಾವ ಹುಗ್ಗಿ ಅನ್ನೋದು ಮುಖ್ಯ. ನಮ್ಮ ಅವ್ವ ಹಿಂದಿನ ದಿನವೇ ಗೋಧಿಗೆ ನೀರು ಚಿಮುಕಿಸಿ ಒರಳಿಗೆ ಹಾಕುತ್ತಿದ್ದಳು. ಹೊಟ್ಟು ಬಿಡಬೇಕು, ಕಾಳು ನುಚ್ಚಾಗಬಾರದು. ಆ ಹದ ಅವಳ ಕೈಗೆ ಮಾತ್ರ ಗೊತ್ತಿತ್ತು. ಕೇರಿ, ಒಣಗಿಸಿ, ಕಾಳು ಅರಳುವ ತನಕ ಬೇಯಿಸಿ, ಆಮೇಲೆ ಬೆಲ್ಲ. ಬೆಲ್ಲ ಅವಸರಕ್ಕೆ ಮೊದಲೇ ಬಿತ್ತೋ, ಎಷ್ಟು ಉರಿ ಹಾಕಿದರೂ ಕಾಳು ಬೇಯುವುದಿಲ್ಲ. ಕಡೆಗೆ ಗಸಗಸೆ, ಒಣಕೊಬ್ಬರಿ, ಏಲಕ್ಕಿ. ತಾಟಿಗೆ ಬಿದ್ದ ಹುಗ್ಗಿಯ ನಡುವೆ ಬೆರಳಿಂದ ಗುಂಡಿ ತೋಡಬೇಕು, ಅದಕ್ಕೆ ತುಪ್ಪ. ತುಪ್ಪ ಗುಂಡಿ ದಾಟಿ ಹರಿದು ಬದನೆಕಾಯಿ ಪಲ್ಯ ಮುಟ್ಟಬಾರದು. ಮುಟ್ಟಿದರೂ ಪರವಾಗಿಲ್ಲ.

ಈಗಿನ ಕೇಟರಿಂಗ್‌ನವರು ಮಷಿನ್‌ನಲ್ಲಿ ಒಡೆದ ಗೋಧಿ ತರುತ್ತಾರೆ. ಬೆಲ್ಲ ಹಾಕಿದರೆ ಕಪ್ಪಾಗುತ್ತದೆ, ಫೋಟೋದಲ್ಲಿ ಚೆಂದ ಕಾಣೋದಿಲ್ಲ ಅಂತ ಸಕ್ಕರೆ ಸುರಿಯುತ್ತಾರೆ. ಮೇಲೆ ಗೋಡಂಬಿ, ಕೇಸರಿ ಬಣ್ಣ! ಪಕ್ಕದ ಬೀದರ್ ಜಿಲ್ಲೆಯ ತುಂಬ ಕಬ್ಬು, ನಮ್ಮ ಕಲಬುರಗಿಯ ಆಳಂದದ ಕಡೆಯೂ ಕಬ್ಬು. ಬೆಲ್ಲಕ್ಕೇನು ಬರವೇ? ಹುಗ್ಗಿಗೆ ಕೇಸರಿ ಬಣ್ಣ ಹಾಕುವವನ ಕೈಯನ್ನು ಕಾಕಾ ಹಿಡಿಯಲಿ, ನಾನೇ ಅವರಿಗೆ ಶಾಲು ಹೊದಿಸುತ್ತೇನೆ. ಬಡಿಸುವ ಹುಡುಗ ಪಾಪ, ಅವನದೇನು ತಪ್ಪು?

ಎಲ್ಲಿದ್ದೆ? ಹಾಂ, ಸಂಜೆ. ಹಗಲೆಲ್ಲ ಸಿಹಿಯ ಈ ಕಾಟ ಇಲ್ಲ. ಏಳು ಗಂಟೆಯ ಸುಮಾರಿಗೆ ಶುರು. ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಧಗೆ ಇಳಿಯುವ ಹೊತ್ತಿಗೆ ಮೊದಲು ಗೆಳೆಯರು ಫೋನ್ ಮಾಡುತ್ತಿದ್ದರು. ಈಗ ಮಾಡುವುದಿಲ್ಲ. ಕಬ್ಬಿನ ಹಾಲು ಕುಡಿಯೋಣ ಬಾ ಅಂತಲಾದರೂ ಒಬ್ಬನೂ ಕರೆಯಬಾರದೇ? ಬಿಟ್ಟಿದ್ದು ಕುಡಿತ, ಊರಲ್ಲ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಅಂದಿದ್ದಾರೆ. ಮಾಡಿಸುತ್ತೇನೆ. ಹೊಟ್ಟೆ ಖಾಲಿ ಬಿಡಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬರಬರುತ್ತಾ ಈ ಆಸೆ ತಗ್ಗುತ್ತದೆ ಅಂತಲೂ ಹೇಳಿದ್ದಾರೆ. ಅವರ ಟೇಬಲ್ ಮೇಲೆ ಯಾರೋ ತಂದುಕೊಟ್ಟ ಪೇಢೆ ಡಬ್ಬಿ ಇತ್ತು. ನನ್ನ ಕಡೆ ಸರಿಸಲಿಲ್ಲ.

ಈ ಸಂಜೆಯ ಆಸೆಗೂ ಒಂಟಿತನಕ್ಕೂ ಏನೋ ನಂಟಿದೆ, ಅದನ್ನು ಬಿಡಿಸಿ ಬರೆಯಬೇಕು ಅಂತಲೇ ಕೂತಿದ್ದೆ. ಅಷ್ಟರಲ್ಲಿ ಮನೆಯಾಕೆ ಸೂಪರ್ ಮಾರ್ಕೆಟ್ ಕಡೆ ಹೊರಟಿದ್ದೇನೆ, ಬರ್ತೀರೇನು ಅಂತ ಕೇಳಿದಳು. ದಾರಿಯಲ್ಲಿ ಸಿಹಿ ಮಾಲ್ಪುರಿ ಸಿಗುತ್ತದೆ ಅನ್ನೋದು ಆಕೆಗೂ ಗೊತ್ತು.