ಚಿತ್ತಾರ ಬಚ್ಚಲೊಲೆ ಬಿಟ್ಟು ಜಗುಲಿಗೆ ಬಂದಳು

ನಮ್ಮ ಮನೆಯಲ್ಲಿ ಚಳಿ ಮುಗಿದದ್ದು ಗೊತ್ತಾಗುವುದು ಬೆಕ್ಕಿನಿಂದ. ದೀಪಾವಳಿ ಕಳೆದ ಮೇಲೆ ಚಿತ್ತಾರ ರಾತ್ರಿ ಮಲಗುವುದು ಬಚ್ಚಲೊಲೆಯ ಪಕ್ಕದಲ್ಲಿ. ಬೆಳಿಗ್ಗೆ ಒಲೆಗೆ ಬೆಂಕಿ ಹಾಕಲು ಹೋದರೆ ಮೈಯೆಲ್ಲಾ ಬೂದಿ ಮಾಡಿಕೊಂಡು ಎದ್ದು ಬರುತ್ತಾಳೆ. ಈ ವರ್ಷ ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಅವಳು ಜಗುಲಿಗೆ ಬಂದು ಮಲಗಿದಳು. ಹೊಟ್ಟೆ ತುಂಬಾ ದೊಡ್ಡದಾಗಿತ್ತು. ಶಿವರಾತ್ರಿಯ ರಾತ್ರಿ, ನಾನು ಅರ್ಧ ಹೊಲಿದು ಮಡಿಸಿಟ್ಟಿದ್ದ ಕೌದಿಯ ಮೇಲೆ ಮೂರು ಮರಿ ಹಾಕಿದಳು.

ಇವತ್ತಿಗೆ ಹನ್ನೆರಡು ದಿನ. ನಿನ್ನೆ ಒಂದು ಮರಿ ಕಣ್ಣು ಬಿಟ್ಟಿದೆ.

ಕಳೆದ ವಾರ ಆ ಕೌದಿ, ತಾಯಿ, ಮರಿಗಳ ಫೋಟೋ ಹಾಕಿದ್ದೆ. ತುಂಬಾ ಜನ ಪ್ರೀತಿಯಿಂದ ಮಾತಾಡಿದಿರಿ. ಇನ್‌ಬಾಕ್ಸ್‌ಗೆ ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಮಾತ್ರ ಒಂದೇ ಮಾತು: ‘ಕೌದಿಗೆ ರೇಟ್ ಎಷ್ಟು?’ ಕೆಲವರು ಒಂದು ಪೇಜ್ ಮಾಡಿ, ಕೊರಿಯರ್ ಮಾಡಿ, ಚೆನ್ನಾಗಿ ಹೋಗುತ್ತದೆ ಅಂತ ದಾರಿಯನ್ನೂ ಹೇಳಿಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ನನಗೆ ಗೊತ್ತು. ಒಬ್ಬೊಬ್ಬರಿಗೂ ‘ಇಲ್ಲ, ಮಾರುವುದಿಲ್ಲ’ ಅಂತ ಎರಡೇ ಮಾತು ಬರೆದು ಬಿಟ್ಟರೆ ಬಿಗುಮಾನ ಅಂತ ಅನಿಸಬಹುದು. ಅದಕ್ಕೆ ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಈ ಕಾಲದ ಬಗ್ಗೆ ಹೇಳಬೇಕು. ಅಡಿಕೆ ಮನೆಯ ಹೆಂಗಸರಿಗೆ ಇದು ಅರ್ಥವಾಗುತ್ತದೆ. ಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಕೆಲಸದವರಿಗೆ ಚಹಾ ತಿಂಡಿ ಅಂತ ರಾತ್ರಿ ಹತ್ತಾದರೂ ಕಾಲು ನಿಲ್ಲುವುದಿಲ್ಲ. ಅದು ಮುಗಿದು, ಬಿಸಿಲು ಜೋರಾಗಿ ಹಪ್ಪಳ ಸಂಡಿಗೆಯ ಗಡಿಬಿಡಿ ಬರುವ ಮೊದಲು, ಮಿಡಿ ಉಪ್ಪಿನಕಾಯಿಯ ಭರಣಿ ತೊಳೆಯುವ ಮೊದಲು, ಮದುವೆ ಮುಂಜಿಯ ಕರೆಯ ಕಾಗದಗಳು ಸಾಲುಗಟ್ಟಿ ಬರುವ ಮೊದಲು ಐದಾರು ವಾರ ಸಿಗುತ್ತದೆ. ಮಾಘದ ಕೊನೆ, ಫಾಲ್ಗುಣದ ಶುರು. ಬೆಳಗಿನ ಜಾವ ಮಡಿವಾಳ ಹಕ್ಕಿ ಹಾಡಲು ಶುರು ಮಾಡಿರುತ್ತದೆ. ಬೂರುಗದ ಮರದಲ್ಲಿ ಒಂದು ಎಲೆ ಇರುವುದಿಲ್ಲ, ಮರದ ತುಂಬಾ ಕೆಂಪು ಹೂ. ಮಾವಿನ ಹೂವಿನ ವಾಸನೆ ಅಂಗಳದವರೆಗೂ ಬರುತ್ತದೆ. ವರ್ಷದಲ್ಲಿ ನಮ್ಮ ಕೈ ನಮಗೇ ಸಿಗುವುದು ಈ ಐದಾರು ವಾರ ಮಾತ್ರ.

ಈ ಹೊತ್ತಿನಲ್ಲಿ ನಾನು ಮೊದಲು ಮಾಡುವ ಕೆಲಸ ಡೇರೆ ಹೂವಿನ (ಡೇಲಿಯಾ) ಗೆಡ್ಡೆ ನೋಡುವುದು. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಯಾವ ಅಂಗಳಕ್ಕೆ ಹೋದರೂ ಡೇರೆ ಇದ್ದೇ ಇರುತ್ತದೆ, ಅಲ್ವಾ? ಅದರ ಮೂಲ ಮೆಕ್ಸಿಕೋ ಅಂತ ಓದಿದಾಗ ನನಗೆ ನಂಬಲಿಕ್ಕೇ ಆಗಲಿಲ್ಲ. ಅಷ್ಟು ನಮ್ಮದಾಗಿ ಹೋಗಿದೆ. ಹೂವು ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಅಗೆದು, ಮಣ್ಣು ಕೊಡವಿ, ಹಳೆಯ ಮಡಕೆಯಲ್ಲಿ ಒಲೆಬೂದಿಯ ಜೊತೆ ಇಡುತ್ತೇವೆ. ಒಣಗಿದ ಗೆಡ್ಡೆ ನೋಡಿದರೆ ಹೂವಿನ ಬಣ್ಣ ತಿಳಿಯುವುದಿಲ್ಲ. ಅದಕ್ಕೆ ನಮ್ಮ ಅತ್ತೆ ಒಂದು ಉಪಾಯ ಮಾಡಿದ್ದರು. ಕೆಂಪು ಡೇರೆಗೆ ಕೆಂಪು ಬಟ್ಟೆಯ ಚೂರು, ಹಳದಿಗೆ ಹಳದಿ, ನೇರಳೆಗೆ ನೇರಳೆ. ಕೌದಿಗೆ ಕತ್ತರಿಸಿ ಉಳಿದ ಚೂರುಗಳು ಗೆಡ್ಡೆಯ ಕುತ್ತಿಗೆಗೆ ಹೋಗುತ್ತಿದ್ದವು. ಈಗಲೂ ಹಾಗೆಯೇ ಮಾಡುತ್ತೇನೆ.

ಬೂದಿಯಲ್ಲಿಟ್ಟೆವು ಅಂತ ಮೇವರೆಗೆ ಮರೆತು ಕೂರುವ ಹಾಗಿಲ್ಲ. ಈಗ ಒಮ್ಮೆ ತೆಗೆದು ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗಾದದ್ದು ಕಂಡರೆ ತೆಗೆಯಬೇಕು, ಇಲ್ಲದಿದ್ದರೆ ಕೊಳೆ ಪಕ್ಕದ್ದಕ್ಕೂ ಹತ್ತುತ್ತದೆ. ಮೊದಲ ಮಳೆ ಬಿದ್ದ ಮೇಲೆ ಬಿಡಿಸಿ ನೆಡುವಾಗ ಪ್ರತಿ ತುಂಡಿಗೂ ಹಳೆಯ ಕಾಂಡದ ಸ್ವಲ್ಪ ಭಾಗ, ಅದರಲ್ಲಿ ಒಂದು ಕಣ್ಣು ಇರಬೇಕು. ಕಣ್ಣಿಲ್ಲದ ಗೆಡ್ಡೆ ಎಷ್ಟೇ ದಪ್ಪ ಇರಲಿ, ಚಿಗುರುವುದಿಲ್ಲ. ಈ ಗೆಡ್ಡೆಗಳಲ್ಲಿ ದುಡ್ಡು ಕೊಟ್ಟು ತಂದದ್ದು ನಮ್ಮ ಮನೆಯಲ್ಲಿ ಒಂದೂ ಇಲ್ಲ. ಒಂದು ತವರಿನದು, ಒಂದು ನಾದಿನಿಯದು, ಇನ್ನೊಂದು ಯಾರದ್ದೋ ಮದುವೆಗೆ ಹೋದಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ಕೊಟ್ಟವರ ನೆನಪಿನ ಮೇಲೆಯೇ ಆ ಹೂವಿಗೆ ಹೆಸರು. ನಮ್ಮಲ್ಲಿ ‘ಹೊಸನಗರದ ಡೇರೆ’ ಅಂತ ಒಂದಿದೆ, ಬೇರೆ ಹೆಸರೇ ನಮಗೆ ಗೊತ್ತಿಲ್ಲ.

ಕೌದಿಯೂ ಹಾಗೆಯೇ. ಈಗ ಮರಿಗಳು ಮಲಗಿರುವ ಕೌದಿಯ ಒಳಪದರ ಅತ್ತೆಯ ಎರಡು ಹಳೆಯ ಕಾಟನ್ ಸೀರೆ. ಮೇಲಿನ ತೇಪೆಗಳಲ್ಲಿ ಮಗಳ ಶಾಲೆಯ ಲಂಗ ಇದೆ, ಮಾವನ ಪಂಚೆ ಇದೆ. ಪಂಚೆಗೆ ನಾನೇ ಚೊಗರಿನ ಬಣ್ಣ ಹಾಕಿದ್ದು. ಅಡಿಕೆ ಬೇಯಿಸಿ ಬೇಯಿಸಿ ಹಂಡೆಯಲ್ಲಿ ಉಳಿಯುವ ಕೆಂಪು ಗಟ್ಟಿ ನೀರು ಚೊಗರು. ಅದು ಬಟ್ಟೆಗೆ ತಾಗಿದರೆ ಹೋಗುವುದಿಲ್ಲ ಅಂತ ಜೀವಮಾನವೆಲ್ಲಾ ಬೈಸಿಕೊಂಡವರು ನಾವು. ಬೇಕೆಂದೇ ಅದ್ದಿದರೆ ಎಂಥ ಚಂದದ ಮಣ್ಣಿನ ಕೆಂಪು ಬರುತ್ತದೆ! ಅದೇ ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ಬಣ್ಣ ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಂದೇ ಹಂಡೆಯಿಂದ ಎರಡು ಬಣ್ಣ. ಅದನ್ನು ಕಂಡ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ನಾಲ್ಕು ವರ್ಷದ ಹಿಂದೆ ನಾನು ಕೌದಿ ಮಾರಿದ್ದೆ. ಈಗ ಮಾರುವುದಿಲ್ಲ ಅನ್ನಲು ಅದೇ ಕಾರಣ. ಬೆಂಗಳೂರಿನ ಒಂದು ಅಂಗಡಿಯವರು ಫೋಟೋ ನೋಡಿ ಎಂಟು ಕೌದಿಗೆ ಹೇಳಿದರು. ಜನವರಿ ಕೊನೆಗೆ ಹೇಳಿದ್ದು, ಮಾರ್ಚ್ ಮಧ್ಯಕ್ಕೆ ಬೇಕು. ಎಂಟೂ ಒಂದೇ ಅಳತೆ, ಒಂದೇ ಬಣ್ಣ. ಹಳೆ ಬಟ್ಟೆ ಬೇಡ, ಬಟ್ಟೆ ತಾವೇ ಕಳಿಸುತ್ತೇವೆ ಅಂದರು. ನನಗೂ ಆಸೆಯಾಯಿತು. ನನ್ನ ಕೆಲಸಕ್ಕೆ ಬೆಲೆ ಬಂತು ಅಂತ ಹೆಮ್ಮೆಯೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೆಳಿಗ್ಗೆ ಕೂತರೆ ಸಂಜೆಯವರೆಗೆ ಹೊಲಿಗೆ. ಬೆಕ್ಕಿನ ಕೂದಲು ತಾಗಬಾರದು ಅಂತ ಬೆಕ್ಕನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡು ಕೂತೆ. ಕಳಿಸಿದ ಮೇಲೆ ಎರಡು ಕೌದಿ ವಾಪಸ್ ಬಂದವು. ಹೊಲಿಗೆ ಸಮ ಇಲ್ಲ ಅಂತ. ಕೈಯಿಂದ ಹಾಕಿದ ಹೊಲಿಗೆ ಅಂತ ಹೇಳಿಯೇ ಅವರು ಗಿರಾಕಿಗಳಿಗೆ ಮಾರುತ್ತಿದ್ದರು. ಕೈಯ ಗುರುತು ಕಂಡದ್ದು ಮಾತ್ರ ಅವರಿಗೆ ಬೇಡವಾಯಿತು. ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ಆ ವರ್ಷ ಡೇರೆ ಮಡಕೆ ತೆಗೆದು ನೋಡಲಿಲ್ಲ. ಮೇನಲ್ಲಿ ತೆಗೆದರೆ ಮುಕ್ಕಾಲು ಭಾಗ ಕೊಳೆತು ಹೋಗಿತ್ತು. ಅತ್ತೆ ಕಟ್ಟಿದ್ದ ಹಳದಿ ಚೂರು ಇತ್ತು, ಗೆಡ್ಡೆ ಇರಲಿಲ್ಲ.

ಇನ್ನೊಂದು ಇದೆ. ನಮ್ಮ ತೋಟದ ಅಂಚಿನಲ್ಲಿ ಒಂದು ಸುರಗಿ ಮರ ಇದೆ. ಅದು ಹೂ ಬಿಡುವುದೂ ಈ ಕಾಲದಲ್ಲೇ. ಬಿಸಿಲು ಏರುವ ಮೊದಲು, ಜೇನುಹುಳು ಮುತ್ತುವ ಮೊದಲು ಮೊಗ್ಗು ಬಿಡಿಸಿ ತರಬೇಕು. ಪೋಣಿಸಿ ನೆರಳಿನಲ್ಲಿ ಒಣಗಿಸಿದರೆ ವಾಸನೆ ಹೋಗುವುದಿಲ್ಲ. ಒಣಗಿದ ದಂಡೆಯನ್ನು ಸೀರೆಯ ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ಸುರಗಿ ಬರುವವರೆಗೂ ಪೆಟ್ಟಿಗೆ ತೆಗೆದಾಗಲೆಲ್ಲಾ ಘಮ್ಮೆನ್ನುತ್ತದೆ. ಪ್ರತಿ ವರ್ಷ ನಾನು ಮತ್ತು ಅತ್ತೆ ಜಗುಲಿಯಲ್ಲಿ ಕೂತು ಪೋಣಿಸುತ್ತಿದ್ದೆವು. ಅವರಿಗೆ ಕಣ್ಣು ಮಂಜಾಗಿತ್ತು, ಸೂಜಿಗೆ ದಾರ ನಾನು ಹಾಕಿ ಕೊಡಬೇಕು. ಆ ವರ್ಷ ನಾನು ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದೆ. ಬೆಳಿಗ್ಗೆಯೇ ಐದು ಸೂಜಿಗೆ ದಾರ ಹಾಕಿ ಅವರ ಹತ್ತಿರ ಇಟ್ಟು ಬಂದುಬಿಡುತ್ತಿದ್ದೆ. ಅವರು ಒಬ್ಬರೇ ಪೋಣಿಸಿದರು. ಏನೂ ಹೇಳಲಿಲ್ಲ. ಆ ಮಳೆಗಾಲದಲ್ಲಿ ತೀರಿಕೊಂಡರು.

ಹಾಗಂತ ಕೈಕೆಲಸ ಮಾರುವುದೇ ತಪ್ಪು ಅಂತ ಯಾರೂ ಅರ್ಥ ಮಾಡಿಕೊಳ್ಳಬೇಡಿ. ನಮ್ಮ ಹತ್ತಿರದ ಭೀಮನಕೋಣೆಯಲ್ಲಿ ಚರಕ ಅನ್ನುವ ಮಹಿಳೆಯರ ಸಹಕಾರ ಸಂಘ ಇದೆ. ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆ ಮಾಡುತ್ತಾರೆ, ಚೊಗರಿನಂಥ ಸಹಜ ಬಣ್ಣ ಹಾಕುತ್ತಾರೆ. ಅದು ಅವರ ದುಡಿಮೆ, ಅವರ ಅನ್ನ. ಅಂಥ ಕಡೆ ಬಟ್ಟೆ ಕೊಳ್ಳುವಾಗ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೇಳಿದಷ್ಟು ಕೊಡಿ. ದುಡಿಮೆಯ ಕೈಕೆಲಸಕ್ಕೆ ಪೂರ್ತಿ ಬೆಲೆ ಸಿಗಲೇಬೇಕು. ಮನೆಯೊಳಗೆ ಮನೆಯವರಿಗಾಗಿ ಮಾಡಿದ್ದನ್ನೂ ಅದೇ ತಕ್ಕಡಿಗೆ ಎಳೆಯಬೇಡಿ ಅಂತ ಮಾತ್ರ ನಾನು ಕೇಳುತ್ತಿರುವುದು.

ಎದುರು ಮನೆಯ ಅಜ್ಜಿಯಿಂದ ಇದನ್ನು ನಾನು ಸರಿಯಾಗಿ ತಿಳಿದುಕೊಂಡೆ. ಅವರು ದೀವರ ಸಮುದಾಯದವರು, ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವವರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚ ಹಿಡಿದು ಗೆರೆ ಎಳೆದರೆ ಕೈ ಒಂದಿಷ್ಟೂ ನಡುಗುವುದಿಲ್ಲ, ಆ ವಯಸ್ಸಿನಲ್ಲೂ. ಅಕ್ಕಿ ಅರೆದು ಬಿಳಿ, ಅಕ್ಕಿ ಹುರಿದು ಕರಟಿಸಿ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಮದುವೆ ಮನೆಯ ಗೋಡೆಗೆ ಬರೆಯುವಾಗ ಹಾಡು ಹೇಳಿಕೊಂಡೇ ಬರೆಯುತ್ತಾರೆ. ಅವರ ಮೊಮ್ಮಗಳು ಅದೇ ಚಿತ್ತಾರವನ್ನು ಬಟ್ಟೆಯ ಮೇಲೆ, ಕಾರ್ಡಿನ ಮೇಲೆ ಬರೆದು ಮಾರುತ್ತಾಳೆ. ಅಜ್ಜಿಗೆ ಅದು ಖುಷಿಯೇ. ‘ಅವಳದು ಅವಳು ಮಾರಲಿ, ಮದುವೆಯ ಹಸೆಗೆ ಮಾತ್ರ ರೇಟು ಹೇಳಬಾರದು’ ಅಂತಾರೆ. ಅದಕ್ಕೆ ವೀಳ್ಯ ಕೊಡುತ್ತಾರೆ, ಸೀರೆ ಕೊಡುತ್ತಾರೆ, ಊಟ ಹಾಕಿ ಕಳಿಸುತ್ತಾರೆ. ಎರಡೂ ಒಂದೇ ಕೈ, ಒಂದೇ ಗೆರೆ. ಎಲ್ಲಿ ಮಾರಬೇಕು, ಎಲ್ಲಿ ಬೇಡ ಅಂತ ಆ ಕೈಗೆ ಗೊತ್ತಿದೆ. ನಮ್ಮ ಬೆಕ್ಕಿಗೆ ಚಿತ್ತಾರ ಅಂತ ಹೆಸರಿಟ್ಟವರೂ ಅವರೇ. ಬಿಳಿ, ಕಪ್ಪು, ಕೆಂಪು ಮೂರೂ ಬಣ್ಣ ಮೈಮೇಲಿದೆ. ಇಂಥ ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ ಆಗಿರುತ್ತದೆ.

ಕೆಲವರು ತೋಟದ ಮನೆಯ ವಸಂತ ಎಷ್ಟು ಚಂದ, ಕಾಡಿನಿಂದ ದರಕು (ಉದುರಿದ ಒಣ ಎಲೆ) ತಂದು ಗಿಡಕ್ಕೆ ಹಾಕಬಹುದಲ್ವಾ ಅಂತಲೂ ಕೇಳಿದ್ದೀರಿ. ಒಂದು ವಿಷಯ ಹೇಳಲೇಬೇಕು. ದರಕು ಗುಡಿಸುವ ಈ ಕಾಲವೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಎಷ್ಟು ಮನೆಗಳು ಕಣ್ಣೀರು ಹಾಕಿದವು, ನಾವು ನೋಡಿದ್ದೇವೆ. ಚಳಿಗಾಲದ ಕೊನೆಯಿಂದ ಮಳೆ ಬರುವವರೆಗೆ ಈ ಕಾಯಿಲೆ ಹರಡುವ ಮರಿ ಉಣುಗು (ರಕ್ತ ಹೀರುವ ಉಣ್ಣೆ) ಒಣ ಎಲೆಯಲ್ಲಿ ಇರುತ್ತದೆ, ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಸೊಪ್ಪಿನ ಬೆಟ್ಟಕ್ಕೆ ಹೋಗಲೇಬೇಕಾದವರು ಉಣುಗು ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈ ತುಂಬಾ ಬಟ್ಟೆ ಹಾಕಿಕೊಂಡು ಹೋಗಿ. ಬಂದ ತಕ್ಷಣ ಬಿಸಿನೀರಿನಲ್ಲಿ ಸ್ನಾನ ಮಾಡಿ, ಆ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ನಾನು ಅಂಗಳದ ಹಲಸಿನ ಎಲೆ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕರಿಯ ಅಂತ ನಮ್ಮ ಗಂಡು ಬೆಕ್ಕು ದಿನವೂ ಬೆಟ್ಟ ಸುತ್ತಿ ಬರುತ್ತಾನೆ. ಅವನ ಕಿವಿಯ ಹಿಂದೆ, ಕುತ್ತಿಗೆಯ ಕೆಳಗೆ ನೋಡದೆ ಒಳಗೆ ಬಿಡುವುದಿಲ್ಲ. ಉಣುಗು ಇದ್ದರೆ ಚಿಮಟಿಗೆಯಿಂದ ತೆಗೆಯುವುದು, ಬೆರಳಿನಿಂದ ಅಲ್ಲ.

ಸರಿ, ಮತ್ತೆ ಕೌದಿಗೆ ಬರುತ್ತೇನೆ. ಮರಿಗಳು ಅದರ ಮೇಲೆ ಇರುವವರೆಗೆ ಹೊಲಿಗೆ ಮುಂದೆ ಹೋಗುವುದಿಲ್ಲ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತಾರೆ, ಆದರೆ ಚಿತ್ತಾರ ಈ ಸಲ ಅಲ್ಲಿಂದ ಕದಲಿಲ್ಲ. ಅತ್ತೆಯ ಸೀರೆಯ ಮೆತ್ತಗೆ ಅವಳಿಗೂ ಹಿಡಿಸಿರಬೇಕು. ನಾನು ಪಕ್ಕದಲ್ಲಿ ಕೂತು ಈ ವರ್ಷದ ಸುರಗಿ ಪೋಣಿಸುತ್ತಿದ್ದೇನೆ. ಮಗಳು ರಜೆಗೆ ಬಂದವಳು ನಿನ್ನೆ ಸಂಜೆ ಫೋನ್ ಬದಿಗಿಟ್ಟು ಬಂದು ಕೂತಳು. ಅವಳ ದಂಡೆ ಸೊಟ್ಟ ಇದೆ. ಅದನ್ನೇ ಅತ್ತೆಯ ಪೆಟ್ಟಿಗೆಯಲ್ಲಿ ಮೇಲೆ ಇಟ್ಟಿದ್ದೇನೆ.

ಆದ್ದರಿಂದ ಕೌದಿ ಬೇಕು ಅಂತ ಕೇಳಿದವರು ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಹೊಲಿಯುವುದು ಹೇಗೆ ಅಂತ ಕಲಿಯಬೇಕಾದವರು ನಿಮ್ಮ ಮನೆಯ ಹಳೆ ಸೀರೆ ಎರಡು ಹಿಡಿದುಕೊಂಡು ಬನ್ನಿ. ನಮ್ಮ ಜಗುಲಿಯಲ್ಲಿ ಜಾಗ ಜಾಸ್ತಿ ಇದೆ. ಮರಿಗಳಲ್ಲಿ ಒಂದು ನಮ್ಮಲ್ಲೇ ಉಳಿಯುತ್ತದೆ, ಎರಡನ್ನು ಕೊಡುತ್ತೇವೆ. ಆದರೆ ಎರಡು ತಿಂಗಳು ತುಂಬುವ ಮೊದಲು ಕೊಡುವುದಿಲ್ಲ. ಅಷ್ಟು ದಿನ ತಾಯಿಯ ಹಾಲು, ತಾಯಿಯ ಜೊತೆ ಬೇಕೇ ಬೇಕು. ಕೊಂಡುಹೋಗುವವರ ಮನೆಯಲ್ಲಿ ಅವಕ್ಕೆ ಒಲೆಯ ಪಕ್ಕ ಜಾಗ ಇರಬೇಕು, ಅಷ್ಟೇ. ನೇರಳೆ ಡೇರೆ ಈ ಸಲ ಚೆನ್ನಾಗಿ ಉಳಿದಿದೆ. ಮೇನಲ್ಲಿ ಮಳೆ ಬಿದ್ದ ಮೇಲೆ ಬಿಡಿಸುತ್ತೇನೆ, ಹತ್ತು ಮನೆಗೆ ಆಗುವಷ್ಟಿದೆ. ಸಾಗರದ ಸುತ್ತಮುತ್ತ ಇರುವವರು ಆಗ ಬನ್ನಿ. ದುಡ್ಡು ತರಬೇಡಿ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆ ದೊಡ್ಡ ಎಸಳಿನ ಹಳದಿ ಡೇರೆ ಇದ್ದರೆ ಒಂದು ಗೆಡ್ಡೆ ತನ್ನಿ. ಹಳದಿ ಚೂರು ನನ್ನ ಹತ್ತಿರ ಇದೆ.