ಶೇಂಗಾ ಎಷ್ಟು ಕುಟ್ಟಿದರೆ ಬಾಂಬ್ ಆಗುತ್ತದೆ?

ಶೇಂಗಾ ಕಾಳು ಘನ ಪದಾರ್ಥ. ಕೈಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತಿದರೆ ಯಾರೂ ತಕರಾರು ಮಾಡುವುದಿಲ್ಲ. ಅದನ್ನೇ ಹುರಿದು, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರ ಹಾಕಿ ಒರಳಿನಲ್ಲಿ ಕುಟ್ಟಿದರೆ ಹಿಂಡಿ ಆಯಿತು. ಈಗ ಅದು ಪುಡಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಪುಡಿಗೆ 2018ರಿಂದ ಬೇರೆ ಲೆಕ್ಕ. 350 ಮಿಲಿಲೀಟರ್ ದಾಟಿತೋ, ಡಬ್ಬಿ ಬಿಚ್ಚಬೇಕು, ತೋರಿಸಬೇಕು. ತಪಾಸಣೆಯವರಿಗೆ ಸಮಾಧಾನ ಆಗದಿದ್ದರೆ ಅಲ್ಲೇ ಬಿಟ್ಟು ಹೋಗಬೇಕು. ಸರಿ, ಇನ್ನೂ ಸ್ವಲ್ಪ ಹೊತ್ತು ಕುಟ್ಟಿ ನೋಡಿ. ಶೇಂಗಾ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಪೀನಟ್ ಬಟರ್ ದ್ರವ ಅಂತ ಅಮೆರಿಕದ ಭದ್ರತಾ ಇಲಾಖೆ ಎಂದೋ ತೀರ್ಪು ಕೊಟ್ಟಿದೆ. ಹಾಗಾಗಿ ಈಗ ಕೈಚೀಲದಲ್ಲಿ ನಿಮ್ಮ ಪಾಲಿಗೆ ಬರೀ 100 ಮಿಲಿಲೀಟರ್.

ಅಂದರೆ ಗದಗಿನ ಹೊಲದಲ್ಲಿ ಬೆಳೆದ ಒಂದೇ ಶೇಂಗಾಕ್ಕೆ ಮೂರು ಕಾನೂನು. ಯಾವುದು ಅನ್ವಯ ಅನ್ನುವುದು ಕುಟ್ಟುವವರ ರಟ್ಟೆಯ ಬಲದ ಮೇಲೆ ನಿಂತಿದೆ. ನಿಮ್ಮ ಸೊಸೆ ಕೆಲಸಗಳ್ಳಿಯಾದರೆ ವಿಮಾನ ಸುರಕ್ಷಿತ.

ದ್ರವದ ಈ ನಿಯಮ ಸುಮ್ನೆ ಹುಟ್ಟಿದ್ದಲ್ಲ, ಅದನ್ನೂ ಹೇಳಬೇಕು. 2006ರ ಆಗಸ್ಟ್‌ನಲ್ಲಿ ಬ್ರಿಟನ್ ಪೊಲೀಸರು ಒಂದು ಸಂಚನ್ನು ಬಯಲಿಗೆಳೆದರು. ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ತುಂಬಿಕೊಂಡು ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಸಂಚು. ಅದು ನಿಜ. ಗಾಬರಿಯಾಗಬೇಕಾದದ್ದೇ. ಮೊದಲು ಎಲ್ಲ ದ್ರವವನ್ನೂ ತಡೆದರು, ಕೆಲವೇ ವಾರಗಳಲ್ಲಿ 100 ಮಿಲಿಲೀಟರ್ ಲೆಕ್ಕ ಬಂತು. ಆಗ ಹುಟ್ಟಿದ ಮಕ್ಕಳು ಈಗ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದಾರೆ. ನಿಯಮ ಮಾತ್ರ ಇನ್ನೂ ಅದೇ ಗಾಬರಿಯಲ್ಲಿದೆ.

ಇದರ ಪೂರ್ತಿ ಭಾರ ಬೀಳುವುದು ನಮ್ಮ ಧಾರವಾಡದ ತಾಯಂದಿರ ಮೇಲೆ. ವಿದ್ಯಾಗಿರಿ, ಸಾಧನಕೇರಿ, ಸಪ್ತಾಪುರ, ಯಾವ ಓಣಿಗೆ ಬೇಕಾದರೂ ಹೋಗಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಒಬ್ಬ ಕಾಕು ಸಿಕ್ಕೇ ಸಿಗುತ್ತಾರೆ. ಹಾಲ್‌ನಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿರುತ್ತವೆ, ಪಕ್ಕದಲ್ಲಿ ತೂಕದ ಕಾಟಾ. ಕಾಕಾ ಕನ್ನಡಕ ಹಾಕಿಕೊಂಡು ಮೊಬೈಲ್‌ನಲ್ಲಿ ನಿಯಮ ಓದುತ್ತಾರೆ. ಕಾಕು ಆ ನಿಯಮಕ್ಕೆ ಕಿವಿಗೊಡದೆ ರಂಜಕದ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿಯ, ಬಾಟಲಿಗೆ ಪ್ಲಾಸ್ಟಿಕ್ ಸುತ್ತುತ್ತಾರೆ. ಸೂಟ್‌ಕೇಸ್ ಎಲ್ಲಿ ಕಳೆದುಹೋಗುತ್ತದೋ ಅನ್ನುವ ಭಯ. ಹಾಗಾಗಿ ಮುಖ್ಯವಾದದ್ದೆಲ್ಲ ಕೈಚೀಲದಲ್ಲೇ ಇರಬೇಕು. ಕಾಕುಗೆ ಮುಖ್ಯವಾದದ್ದು ಅಂದರೆ ಪಾಸ್‌ಪೋರ್ಟ್ ಅಲ್ಲ, ತುಪ್ಪ.

ಹುಬ್ಬಳ್ಳಿಯ ಗೋಕುಲ ರೋಡಿನ ನಿಲ್ದಾಣದಿಂದ ಬೆಂಗಳೂರಿಗೆ ಹೋಗುವುದು ದೇಶದೊಳಗಿನ ಪ್ರಯಾಣ. ಅಲ್ಲಿ ನೀರಿನ ಬಾಟಲಿ ಒಳಗೆ ಬಿಡುತ್ತಾರೆ. ಅದೇ ಕಾಕು, ಅದೇ ಬಾಟಲಿ, ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಬಾಗಿಲಿಗೆ ಬಂದಾಗ ನೀರು ಅಪಾಯಕಾರಿ ಆಗಿರುತ್ತದೆ. ಬಾಟಲಿಯನ್ನು ಬುಟ್ಟಿಗೆ ಎಸೆಯಬೇಕು. ಆ ಬುಟ್ಟಿ ಎಲ್ಲಿರುತ್ತದೆ? ಸಾಲಿನಲ್ಲಿ ನಿಂತ ಜನರ ಮಧ್ಯದಲ್ಲೇ.

ಇನ್ನು ಆ 100ರ ಲೆಕ್ಕ. ತಪಾಸಣೆಯವರು ನೋಡುವುದು ಒಳಗೆ ಎಷ್ಟಿದೆ ಅಂತ ಅಲ್ಲ, ಬಾಟಲಿ ಎಷ್ಟು ಹಿಡಿಯುತ್ತದೆ ಅಂತ.

"ಅಲ್ಲೋ ತಮ್ಮಾ, ಬಾಟ್ಲಿ ದೊಡ್ಡದದ, ಖರೆ. ಒಳಗ ನಾಕ್ ಚಮಚಾನೂ ತುಪ್ಪ ಇಲ್ಲಲ್ಲೋ."

"ಮಾತಾಜಿ, ಬಾಟಲಿ 250."

"ಬಾಟ್ಲಿ ನೀನ ಇಟ್ಕೋ. ತುಪ್ಪ ನನಗ ಕೊಡು."

ಇದಕ್ಕೆ ಉತ್ತರ ಕೊಡಬಲ್ಲ ಸುತ್ತೋಲೆ ಇನ್ನೂ ಬಂದಿಲ್ಲ. ತಪಾಸಣೆಯ ಆ ಹುಡುಗನ ತಪ್ಪೇನೂ ಇಲ್ಲ, ಪಾಪ. ಅವನ ಊರಲ್ಲೂ ಇಂಥ ಒಬ್ಬ ತಾಯಿ ಇದ್ದೇ ಇರುತ್ತಾಳೆ. ಆದರೆ ಅದೇ ತುಪ್ಪವನ್ನು ನೂರು ನೂರು ಮಿಲಿಲೀಟರ್‌ನ ಸಣ್ಣ ಬಾಟಲಿಗಳಲ್ಲಿ ತುಂಬಿ, ಒಂದು ಲೀಟರ್‌ನ ಪಾರದರ್ಶಕ ಚೀಲದಲ್ಲಿ ಹಿಡಿಸುವಷ್ಟು ತಂದರೆ ಅವನೇ ದಾರಿ ಬಿಡುತ್ತಾನೆ. ದೊಡ್ಡ ಬಾಟಲಿಯಲ್ಲಿ ನಾಲ್ಕು ಚಮಚ ಅಪಾಯ. ಸಣ್ಣ ಬಾಟಲಿಗಳಲ್ಲಿ ಮುಕ್ಕಾಲು ಲೀಟರ್ ಸುರಕ್ಷಿತ.

ಅಮೆರಿಕದವರ ತರ್ಕ ಇನ್ನೂ ಒಂದು ಕೈ ಮೇಲೆ. ಅಲ್ಲಿ ನೀರು ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಬಿಡುತ್ತಾರೆ. ತಳದಲ್ಲಿ ಒಂದಿಷ್ಟು ಕರಗಿ ಜಿನುಗಿದರೆ ಅದು ದ್ರವ, ಬುಟ್ಟಿಗೆ. ಈ ನಿಯಮ ನಮ್ಮಲ್ಲಿ ಇಲ್ಲದ್ದು ಒಳ್ಳೆಯದೇ ಆಯಿತು. ಇದ್ದಿದ್ದರೆ ಏಪ್ರಿಲ್ ಬಿಸಿಲಿನಲ್ಲಿ ಧಾರವಾಡದಿಂದ ಗೋಕುಲ ರೋಡಿನವರೆಗೆ ಮಂಜುಗಡ್ಡೆ ಹೊತ್ತು ಓಡುವ ಜನರನ್ನು ನೋಡಬೇಕಾಗುತ್ತಿತ್ತು.

ಕೊಬ್ಬರಿಯ ಕತೆಗೆ ಬರೋಣ. ನನಗೆ ಎಲ್ಲಕ್ಕಿಂತ ಪ್ರೀತಿಯ ಕತೆ ಇದು. ಒಣ ಕೊಬ್ಬರಿ ಅಪಾಯಕಾರಿ ಸರಕುಗಳ ಜಾಗತಿಕ ಪಟ್ಟಿಯಲ್ಲಿದೆ. ಅದಕ್ಕೆ ವಿಶ್ವಸಂಸ್ಥೆಯ ಸಂಖ್ಯೆ ಕೂಡ ಇದೆ, 1363. ವರ್ಗ 4.2, ಅಂದರೆ ತನ್ನಷ್ಟಕ್ಕೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದ್ದು. ಹಡಗಿನ ತುಂಬ ಕೊಬ್ಬರಿ ತುಂಬಿದಾಗ ಎಣ್ಣೆಯ ಅಂಶದಿಂದ ಹಾಗಾಗುವುದುಂಟು. ಸರಿ, ಒಪ್ಪೋಣ. ಆದರೆ ಕಾಕುನ ಅಡಿಗೆ ಮನೆಯಲ್ಲಿ ಆ ಡಬ್ಬಿ ಗ್ಯಾಸ್ ಒಲೆಯ ಪಕ್ಕದಲ್ಲೇ ಎಷ್ಟೋ ವರ್ಷಗಳಿಂದ ಕೂತಿದೆ. ಈವರೆಗೆ ಒಮ್ಮೆಯೂ ಹೊತ್ತಿಕೊಂಡಿಲ್ಲ. ಕೊಬ್ಬರಿ ಬಟ್ಟಲನ್ನು ಸಾಮಾನ್ಯವಾಗಿ ಕೈಚೀಲಕ್ಕೂ ಬಿಡುವುದಿಲ್ಲ, ಸೂಟ್‌ಕೇಸಿಗೂ ಬಿಡುವುದಿಲ್ಲ.

ಇಡೀ ತೆಂಗಿನಕಾಯಿಗೂ ಕೈಚೀಲದಲ್ಲಿ ಜಾಗವಿಲ್ಲ. ಆದರೆ ಇಲ್ಲಿ ಸರ್ಕಾರದ ಮನಸ್ಸು ಕರಗಿತು. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆ ಯಾತ್ರಿಗಳು ಇರುಮುಡಿಯ ತೆಂಗಿನಕಾಯಿಯನ್ನು ಕ್ಯಾಬಿನ್‌ನಲ್ಲಿ ಒಯ್ಯಬಹುದು ಅಂತ ಆದೇಶ ಬಂತು, ತಪಾಸಣೆ ಆದ ಮೇಲೆ. 2022ರಲ್ಲೂ ಇಂಥದೇ ಒಂದು ಆದೇಶ ಬಂದಿತ್ತು. ಭಕ್ತರಿಗೆ ಅನುಕೂಲವಾಯಿತು, ಸಂತೋಷ. ಆದರೆ ಆದೇಶಕ್ಕೆ ಒಂದು ಕೊನೆಯ ದಿನ ಇತ್ತು, 2025ರ ಜನವರಿ 20. ಅಂದರೆ 20ರ ರಾತ್ರಿ ಹನ್ನೊಂದೂ ಐವತ್ತೊಂಬತ್ತಕ್ಕೆ ಆ ಕಾಯಿ ಪ್ರಸಾದ. ಒಂದು ನಿಮಿಷ ಕಳೆದರೆ ಸ್ಫೋಟಕ. ಮಾಲೆ ಹಾಕಿದವರ ಕೈಯಲ್ಲಿದ್ದರೆ ತೆಂಗಿನಕಾಯಿ ಶಾಂತ. ಅದೇ ಕಾಯಿ ಸಿದ್ಧಾರೂಢ ಮಠದಲ್ಲಿ ಒಡೆಸಲು ತಂದು, ಗದ್ದಲದಲ್ಲಿ ಒಡೆಸಲು ಆಗದೆ ಚೀಲದಲ್ಲೇ ಉಳಿದದ್ದಾದರೆ ಅದಕ್ಕೆ ಕೋಪ ಜಾಸ್ತಿ. ನಮ್ಮ ಕಾಕು ಈ ಸುದ್ದಿ ಕೇಳಿ ಒಂದು ಗಳಿಗೆ ಯೋಚಿಸಿದರು. "ಹಂಗಾದ್ರ ನಿಮ್ಮ ಕಾಕಾಗ ಮಾಲಿ ಹಾಕಸಲೇನು?"

ಹಾವೇರಿಯವರ ಪಾಡು ಬೇರೆ. ಏಲಕ್ಕಿ ಹಾರ ಕೊರಳಿಗೆ ಹಾಕಿಕೊಂಡೇ ವಿಮಾನ ಹತ್ತಬಹುದು, ಸನ್ಮಾನ ಆದವರು ಅಂತ ಜನ ನೋಡುತ್ತಾರೆ. ಬ್ಯಾಡಗಿಯ ಮೆಣಸಿನಪುಡಿ ಮಾತ್ರ ಕೈಚೀಲದಲ್ಲಿ ನಡೆಯುವುದಿಲ್ಲ. ಕಣ್ಣಿಗೆ ಎರಚಬಹುದಲ್ಲ. ಆದರೆ ಬ್ಯಾಡಗಿ ಮೆಣಸಿನಕಾಯಿಯ ಹೆಸರೇ ಅದಕ್ಕೆ ಖಾರ ಕಡಿಮೆ, ಬಣ್ಣ ಜಾಸ್ತಿ ಅನ್ನುವುದಕ್ಕೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲಂತೂ ಜಗತ್ತಿಗೇ ಗೊತ್ತು. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ ಅನ್ನುತ್ತಾರೆ. ಲಿಪ್‌ಸ್ಟಿಕ್‌ಗೆ ಯಾರ ತಕರಾರೂ ಇಲ್ಲ. ಬ್ಯಾಡಗಿಯ ಕೆಂಪು ತುಟಿಯ ಮೇಲೆ ಕೂತು ಹೊರಟರೆ ನಮಸ್ಕಾರ, ಡಬ್ಬಿಯಲ್ಲಿ ಕೂತರೆ ವಿಚಾರಣೆ.

ಧಾರವಾಡ ಪೇಡೆಗೂ ಪೂರ್ತಿ ಬಿಡುಗಡೆ ಇಲ್ಲ. ಎಕ್ಸ್‌ರೇ ಯಂತ್ರದ ಪರದೆಯಲ್ಲಿ ಲೋಹ ನೀಲಿಯಾಗಿ, ತಿನಿಸು ಕಿತ್ತಳೆ ಬಣ್ಣದಲ್ಲಿ ಕಾಣುತ್ತದೆ. ದುರದೃಷ್ಟಕ್ಕೆ ಸ್ಫೋಟಕವೂ ಕಿತ್ತಳೆಯೇ. ಒಂದು ಕಿಲೋ ಪೇಡೆ ಒತ್ತಾಗಿ ತುಂಬಿದ ಡಬ್ಬಿ ಹೇಗೆ ಕಾಣಬಹುದು, ನೀವೇ ಊಹಿಸಿ. ಡಬ್ಬಿ ತೆರೆಸಿದಾಗ ಬರುವ ಸುಟ್ಟ ಹಾಲಿನ ಘಮಕ್ಕೆ ಪಕ್ಕದ ಸಾಲಿನವರೂ ತಿರುಗಿ ನೋಡುತ್ತಾರೆ.

ಮೊಮ್ಮಕ್ಕಳ ಆಟಿಕೆಗೂ ಲೆಕ್ಕ ಇದೆ. ಜಾತ್ರೆಯಲ್ಲಿ ತಂದ ಪಿಸ್ತೂಲು ಪ್ಲಾಸ್ಟಿಕ್ಕೇ ಇರಲಿ, ನಿಜದಂತೆ ಕಂಡರೆ ಕೈಚೀಲದಿಂದ ಹೊರಗೆ. ಅಲ್ಲಾಡಿಸಿದರೆ ಹಿಮ ಬೀಳುವ ಗಾಜಿನ ಗೋಳ ಇರುತ್ತದಲ್ಲ, ಅದಕ್ಕೆ ಅಮೆರಿಕದವರು ಟೆನಿಸ್ ಚೆಂಡಿನ ಅಳತೆ ಇಟ್ಟಿದ್ದಾರೆ. ಅದಕ್ಕಿಂತ ದೊಡ್ಡ ಗೋಳದಲ್ಲಿ ಹಿಮ ಬೀಳುವ ಹಾಗಿಲ್ಲ.

ಈ ನಡುವೆ ಸುದ್ದಿ ಏನೆಂದರೆ, ದ್ರವವನ್ನು ಒಳಗಿನಿಂದಲೇ ಪರೀಕ್ಷಿಸುವ ಹೊಸ ಯಂತ್ರಗಳು ಬಂದಿವೆ. ಆಸ್ಪತ್ರೆಯ ಸಿಟಿ ಸ್ಕ್ಯಾನ್ ಇದ್ದ ಹಾಗೆ. 2025ರ ಜುಲೈನಲ್ಲಿ ಬ್ರಿಟನ್‌ನ ಎಡಿನ್‌ಬರೋ, ಬರ್ಮಿಂಗ್‌ಹ್ಯಾಂ ನಿಲ್ದಾಣಗಳು ಎರಡು ಲೀಟರ್‌ನ ಬಾಟಲಿ ತನಕ ಬಿಡಲು ಶುರು ಮಾಡಿದವು. ಅಂದರೆ ಕಾಕುನ ತುಪ್ಪ ಎಡಿನ್‌ಬರೋದಲ್ಲಿ ತುಪ್ಪವೇ. ಬೇರೆ ಹಲವು ಕಡೆ ಇನ್ನೂ ವಿಚಾರಣೆಯಲ್ಲಿದೆ.

ಕಾಕು ಅಷ್ಟು ದಿನ ಕಾಯುವವರಲ್ಲ. ಅವರು ತುಪ್ಪದ ಬಾಟಲಿ ಬಿಟ್ಟರು, ಕೊಬ್ಬರಿ ಬಟ್ಟಲೂ ಬಿಟ್ಟರು. ಅಂಟಿನ ಉಂಡೆ ಕಟ್ಟಿದರು. ಒಣ ಕೊಬ್ಬರಿ ತುರಿದು ಹಾಕಿದರು, ಉತ್ತತ್ತಿ, ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು, ಅದರ ಮೇಲೆ ಕೈ ತುಂಬ ಮತ್ತಷ್ಟು ತುಪ್ಪ. ತಡೆಯಬೇಕಾದ ದ್ರವವೂ ಅದರಲ್ಲೇ, ತನ್ನಷ್ಟಕ್ಕೆ ಹೊತ್ತಿಕೊಳ್ಳುವ ಸರಕೂ ಅದರಲ್ಲೇ. ಡಬ್ಬಿ ತೆರೆದು ನೋಡಿದ ಹುಡುಗ "ಲಡ್ಡೂ?" ಅಂದನಂತೆ. ಕಾಕು ತಲೆ ಆಡಿಸಿದರಂತೆ. ಡಬ್ಬಿ ಮುಂದೆ ಹೋಯಿತು.

ಅಮೆರಿಕ ಮುಟ್ಟಿದ ಮೇಲೆ ಕಾಕಾಗೆ ವಿಡಿಯೋ ಕಾಲ್ ಬಂತು. ಯೋಗಕ್ಷೇಮದ ಮಾತು ಒಂದೇ ಸಾಲಿನಲ್ಲಿ ಮುಗಿಯಿತು. "ಕೇಳ್ರಿ ಇಲ್ಲೆ, ಮುಂದಿನ ಸಲ ರಂಜಕಾನೂ ಉಂಡಿ ಕಟ್ಟೇಬಿಡ್ತೇನಿ."