ಹಪ್ಪಳದ ಪಕ್ಕದ ಚೆಂಡೆ

ನಮ್ಮ ಮನೆಯಲ್ಲಿ ಹಲಸಿನ ಮರದ ಸಂತಾನ ಎರಡು: ಅಮ್ಮನ ಹಪ್ಪಳ, ಅಣ್ಣನ ಚೆಂಡೆ. ಮೇ ತಿಂಗಳಿನಲ್ಲಿ ಎರಡಕ್ಕೂ ಒಂದೇ ಅಂಗಳ. ಚಾಪೆಯ ತುಂಬ ಹಪ್ಪಳ, ಅದರ ತಲೆಯ ಹತ್ತಿರ ರಾತ್ರಿಯ ಮಳೆಗೆ ತಣಿದ ಚೆಂಡೆ. ಕಾವಲಿಗೆ ನಾನು. ಕಾಗೆಗೆ ಚೆಂಡೆಯಲ್ಲಿ ಆಸಕ್ತಿಯಿಲ್ಲ, ನಿಜ. ಆದರೆ ಚೆಂಡೆಯ ಬಾಯಿಗೆ ಬಿಗಿದ ಮುಚ್ಚಿಗೆ ದನದ ಚರ್ಮದ್ದು. ನಾಯಿಯನ್ನು ನಂಬುವ ಹಾಗಿಲ್ಲ.

ಅಣ್ಣ ಯಾವ ಯಕ್ಷಗಾನ ಮೇಳದವನೂ ಅಲ್ಲ, ಕರೆದಲ್ಲಿಗೆ ಹೋಗುವವನು. ಹಗಲು ಅಡಿಕೆ ತೋಟ, ರಾತ್ರಿ ಬದಿಯಡ್ಕದಲ್ಲೋ ಪೆರ್ಲದಲ್ಲೋ ಯಕ್ಷಗಾನದ ಆಟ. ಎಲ್ಲಾದರೂ ಚೆಂಡೆಯವರಿಗೆ ಜ್ವರ ಬಂದರೆ ಸಂಜೆ ನಾಲ್ಕಕ್ಕೆ ನಮ್ಮಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಪದ್ಯ ಹಾಡುವ ಭಾಗವತರ ಪರಿಚಯವಾಗುವುದೇ ವೇಷ ಕಟ್ಟುವ ಚೌಕಿಯಲ್ಲಿ, ಚಹಾದ ಲೋಟದೊಂದಿಗೆ. ನೋಟೀಸಿನಲ್ಲಿ ಅಣ್ಣನ ಹೆಸರು 'ಮತ್ತಿತರರು'. ಅಮ್ಮ ಆ ಪದದ ಮೇಲೆ ಬೆರಳಿಟ್ಟು ಬಂದವರಿಗೆಲ್ಲ ತೋರಿಸುತ್ತಾಳೆ. ನೆರೆಯವರ ಮನೆಯೊಕ್ಕಲಿಗೆ ನಡೆಯುವ, ವೇಷವಿಲ್ಲದ ತಾಳಮದ್ದಳೆಗೂ ಭಾನುವಾರ ಭಜನಾ ಮಂದಿರದಲ್ಲಿ ಮಕ್ಕಳಿಗೆ ಹೇಳಿಕೊಡುವುದಕ್ಕೂ ಅವನು ಹಣ ಮುಟ್ಟುವುದಿಲ್ಲ. ಈ ವಿಷಯದಲ್ಲಿ ಅತ್ತಿಗೆಯ ಅಭಿಪ್ರಾಯ ಬೇರೆಯಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಚೆಂಡೆ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರ್ ಮಲಯಾಳದಲ್ಲಿ ಕೇಳುವುದು ಒಂದೇ ಪ್ರಶ್ನೆ: ಚೆಂಡಮೇಳವೇ? ಅಲ್ಲ, ಆಟ ಎನ್ನುತ್ತಾನೆ ಅಣ್ಣ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆದರೆ ಚೆಂಡಕ್ಕೂ ಚೆಂಡೆಗೂ ನಡುವೆ ಇರುವ ಗಡಿ ಒಂದು ಸ್ವರಾಕ್ಷರದಷ್ಟು ಮಾತ್ರ. ಅಲ್ಲಿಯೂ ಹಲಸಿನ ಕೊರಡು, ಇಲ್ಲಿಯೂ ಹಲಸಿನ ಕೊರಡು. ಅಲ್ಲಿ ಉತ್ಸವದಲ್ಲಿ ಸಾಲುಗಟ್ಟಿ ನಿಂತು ಬಾರಿಸುತ್ತಾರೆ. ಇಲ್ಲಿ ಅಣ್ಣನ ತಪ್ಪಿಗೆ ಅಡಗಲು ಇನ್ನೊಬ್ಬನ ಬೆನ್ನಿಲ್ಲ. ಲಗೇಜಿನ ಟಿಕೆಟು ಮಾತ್ರ ಇಬ್ಬರಿಗೂ ಒಂದೇ.

ಒಮ್ಮೆ ಅವನ ಆಟಕ್ಕೆ ಹೋಗಿದ್ದೆ. ದುಃಖದ ಪದ್ಯಗಳು ಸಾಲಾಗಿ ಬಂದವು. ಅದು ಮದ್ದಳೆಯವರ ಪಾಲು. ಅಣ್ಣ ಕೋಲುಗಳನ್ನು ಕಂಕುಳಿಗೆ ಸಿಕ್ಕಿಸಿ ಸುಮ್ಮನೆ ನಿಂತಿದ್ದ. ಸಂಘಟಕರು ಇದಕ್ಕೂ ಸಂಭಾವನೆ ಕೊಡಬೇಕಲ್ಲ ಎಂದು ನನಗೇ ಸಂಕೋಚವಾಯಿತು. ಕಾಲಿನ ಹೆಬ್ಬೆರಳೊಂದು ಮಾತ್ರ ಭಾಗವತರ ಜಾಗಟೆಯೊಂದಿಗೆ ಏಳುತ್ತಿತ್ತು, ಬೀಳುತ್ತಿತ್ತು. ಆಮೇಲೆ ತೆರೆಯ ಹಿಂದೆ ರಾಕ್ಷಸನ ಬಣ್ಣದ ವೇಷ ಆರ್ಭಟಿಸಿತು. ನನ್ನ ಮಡಿಲಿನ ಕಡಲೆ ನೆಲಕ್ಕೆ ಬಿತ್ತು.

ಬೆಳಗ್ಗೆ ಆರಕ್ಕೆ ಮನೆಗೆ ಬಂದು, ಮಿಂದು, ಮಗಳಿಗೆ ಶಾಲೆಗೆ ಎರಡು ಜಡೆ ಹಾಕುತ್ತಾನೆ. ರಾತ್ರಿಯಿಡೀ ಹಗ್ಗ ಬಿಗಿದ ಕೈ. "ಅಪ್ಪಾ, ನಾನು ಚೆಂಡೆಯಲ್ಲ!" ಎಂದು ಅವಳು ದಿನವೂ ಕಿರುಚುತ್ತಾಳೆ. ಊಟಕ್ಕೆ ಕುಳಿತರೂ ಬಟ್ಟಲಿನ ಅಂಚು ಬಿಡುವುದಿಲ್ಲ. ಅನ್ನ ಬಡಿಸುವ ಅತ್ತಿಗೆ ಮುಕ್ತಾಯದ ಪೆಟ್ಟು ಬೀಳುವವರೆಗೆ ಕಾಯಬೇಕು. ಪತ್ತನಾಜೆಯ ದಿನ ಕಳೆದರೆ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ನಿಲ್ಲಿಸುತ್ತವೆ, ಇನ್ನು ಮನೆಯಲ್ಲಿರುತ್ತಾನೆ ಎಂದುಕೊಳ್ಳುತ್ತೇವೆ. ಅಷ್ಟರಲ್ಲಿ ಮಳೆಗಾಲದ ತಾಳಮದ್ದಳೆಗಳು ಶುರು.

"ಅದನ್ನು ಅಟ್ಟಕ್ಕೆ ಹಾಕಿ" ಎನ್ನುವುದು ಅತ್ತಿಗೆಯ ಹಳೆಯ ಮಾತು. ಮೊನ್ನೆ ನಾನು ಕಾವಲಿನಲ್ಲೇ ನಿದ್ರೆ ಹೋಗಿದ್ದೆ, ದಪ್ಪ ಹನಿ ಬಿತ್ತು. ಅಡುಗೆಮನೆಯಿಂದ ಓಡಿ ಬಂದ ಅತ್ತಿಗೆ ಹಪ್ಪಳದ ಚಾಪೆಯನ್ನು ದಾಟಿ ಚೆಂಡೆಯನ್ನು ಎತ್ತಿಕೊಂಡು ಒಳಗೋಡಿದರು. ಇನ್ನೂರು ಹಪ್ಪಳ ನೆನೆದು ಚಾಪೆಗೆ ಅಂಟಿದವು. ಅಮ್ಮ ಸಂಜೆಯವರೆಗೆ ಯಾರೊಡನೆಯೂ ಮಾತನಾಡಲಿಲ್ಲ.

ನಾಲ್ಕಕ್ಕೆ ಫೋನ್ ಬಂತು, ಮುಳ್ಳೇರಿಯದಿಂದ. ಅಣ್ಣ ಮೊಬೈಲನ್ನು ಎದೆಗೊತ್ತಿಕೊಂಡು ಅತ್ತಿಗೆಯ ಮುಖ ನೋಡಿದ. ಅವರು ಹಳೆಯ ಸೀರೆಯ ತುಂಡಿನಿಂದ ಮುಚ್ಚಿಗೆ ಒರೆಸುತ್ತ, ತಲೆಯೆತ್ತದೆ ಹೇಳಿದರು: "ಹಿಂದೆ ಬರಲು ವಾಹನ ಉಂಟೋ ಕೇಳಿ."